ಇಲಿಗೂ ಮೊದಲು ತನ್ನ ಮೇಲೆಯೇ: ಹಾಲ್ಡೇನ್ ಕಥೆ, ಮೊಳಕಾಲ್ಮೂರಿನ ಗೆಳೆಯನ ನೆಪದಲ್ಲಿ

ನಮ್ಮ ಹಾಸ್ಟೆಲ್ ರೂಮಿನಲ್ಲಿ ಮೂರು ಜನ. ಒಬ್ಬ ಚಳ್ಳಕೆರೆಯವನು, ಮನೆಯಲ್ಲಿ ಶೇಂಗಾ ವ್ಯಾಪಾರ. ಇನ್ನೊಬ್ಬ ಮೊಳಕಾಲ್ಮೂರಿನವನು, ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಮೂರನೆಯವರು ಇದನ್ನ ಟೈಪ್ ಮಾಡ್ತಿರೋರು. ಟೈಪ್ ಮಾಡಿದ್ದು ಒಬ್ಬರಾದ್ರೂ ಓದಿದ್ದು, ವಾದ ಮಾಡಿದ್ದು ಎಲ್ಲರೂ ಸೇರಿ. ಅದಕ್ಕೇ ಈ ಲೇಖನದಲ್ಲಿ 'ನಾವು'.

ಮೊಳಕಾಲ್ಮೂರಿನ ಗೆಳೆಯ ಕ್ರಿಕೆಟ್ ಆಡಲ್ಲ. ಫಸ್ಟ್ ಇಯರ್‌ನಲ್ಲಿ ಅವನಿಗೆ ಸೋಮಾರಿತನ ಅಂದ್ಕೊಂಡಿದ್ವಿ. ಒಂದು ದಿನ ಮೆಟ್ಟಿಲ ಮೇಲೆ ಸ್ವಲ್ಪ ಎಡವಿದ, ಅಷ್ಟೇ. ರಾತ್ರಿ ಹೊತ್ತಿಗೆ ಮಂಡಿ ಊದಿ ತೆಂಗಿನಕಾಯಿ ಥರ ಆಗಿತ್ತು. ಆಗ ಹೇಳಿದ, ತನಗೆ ಹಿಮೋಫಿಲಿಯಾ ಇದೆ ಅಂತ. ಕನ್ನಡ ಪತ್ರಿಕೆಗಳಲ್ಲಿ ಇದನ್ನ ಕುಸುಮ ರೋಗ ಅಂತ ಬರೀತಾರೆ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಒಂದು ಪ್ರೋಟೀನು, ಅವನ ವಿಷಯದಲ್ಲಿ ಫ್ಯಾಕ್ಟರ್ 8, ದೇಹದಲ್ಲಿ ಸರಿಯಾಗಿ ತಯಾರಾಗಲ್ಲ. ಹೊರಗೆ ಗಾಯ ಆದ್ರೆ ಕಾಣುತ್ತೆ, ಒಳಗೆ ಕೀಲಿನಲ್ಲಿ ರಕ್ತ ಸೋರಿದ್ರೆ ಕಾಣಲ್ಲ, ಬರೀ ನೋವು. ಚಿಕ್ಕವನಿದ್ದಾಗಿಂದ ಅವನಿಗೆ ದಾವಣಗೆರೆ ಅಂದ್ರೆ ಬೆಣ್ಣೆ ದೋಸೆ ಊರಲ್ಲ, ಫ್ಯಾಕ್ಟರ್ ಇಂಜೆಕ್ಷನ್ ಊರು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರೋದು ಅಲ್ಲೇ.

ಇವನ ಬಗ್ಗೆ ಬರೆಯೋದಕ್ಕೆ ಅವನೇ ಒಪ್ಪಿದ್ದಾನೆ. ಹೆಸರು ಮಾತ್ರ ಬೇಡ ಅಂದ. ಅವನಿಗೆ ಮಂಡಿ ನೋವಿಗಿಂತ ಜಾಸ್ತಿ ನೋವು ಕೊಡೋದು ಇನ್ನೊಂದು ವಿಷಯ. ಅವನ ಅಮ್ಮನ ಕಡೆಯಲ್ಲೂ ಅಪ್ಪನ ಕಡೆಯಲ್ಲೂ ಯಾರಿಗೂ ಈ ಕಾಯಿಲೆ ಇರಲಿಲ್ಲ. ಕಾಯಿಲೆ ತಾಯಿಯಿಂದ ಬರುತ್ತೆ ಅಂತ ಯಾರೋ ಹೇಳಿದ್ದೇ ತಡ, ನೆಂಟರೆಲ್ಲ ಹತ್ತೊಂಬತ್ತು ವರ್ಷದಿಂದ ಅವನ ಅಮ್ಮನ ಕಡೆ ಬೆರಳು ತೋರಿಸ್ತಾ ಬಂದಿದ್ದಾರೆ. ಮದುವೆ, ನಾಮಕರಣ ಯಾವುದಕ್ಕೆ ಹೋದ್ರೂ ಅದೇ ಮಾತು.

ಹಾಗಾದ್ರೆ ಇಲ್ಲದ ಕಾಯಿಲೆ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದವರೇ ಜೆ.ಬಿ.ಎಸ್. ಹಾಲ್ಡೇನ್. 1892ರ ನವೆಂಬರ್ 5ರಂದು ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿ, 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಭಾರತೀಯ ಪ್ರಜೆಯಾಗಿ ತೀರಿಕೊಂಡ ಮನುಷ್ಯ. ಅವರ ಹೆಸರು ನಮ್ಮ ಬಯಾಲಜಿ ಪುಸ್ತಕದ ಮೂಲೆಯಲ್ಲೆಲ್ಲೋ ಇತ್ತು. ಪಿಯುಸಿಯಲ್ಲಿ ಅದನ್ನ ಎರಡು ಮಾರ್ಕ್ಸ್ ಪ್ರಶ್ನೆಗೆ ಓದಿ ಬಿಟ್ಟಿದ್ವಿ. ಈಗ ಪೂರ್ತಿ ಓದಿದೀವಿ.

ಗಣಿಯೊಳಗಿನ ಇಲಿ

ಹಾಲ್ಡೇನ್ ಕಥೆ ಅವರ ಅಪ್ಪನಿಂದ ಶುರು ಮಾಡ್ಬೇಕು. ಅಪ್ಪ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಬಗ್ಗೆ ಸಂಶೋಧನೆ ಮಾಡಿದ ದೊಡ್ಡ ಶರೀರವಿಜ್ಞಾನಿ. ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಆದಾಗ ಕಾರ್ಮಿಕರು ಬೆಂಕಿಗಿಂತ ಹೆಚ್ಚಾಗಿ ಕಾರ್ಬನ್ ಮಾನಾಕ್ಸೈಡ್ ಕುಡಿದು ಸಾಯ್ತಾರೆ ಅಂತ 1896ರಲ್ಲಿ ತೋರಿಸಿಕೊಟ್ಟವರು. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೀಟರ್ ಇಲ್ಲದ ಕಾಲದಲ್ಲಿ ಕಂಡುಹಿಡಿಯೋದು ಹೇಗೆ? ಅವರು ಕೊಟ್ಟ ಉಪಾಯ, ಗಣಿಯೊಳಗೆ ಹೋಗುವಾಗ ಒಂದು ಇಲಿಯನ್ನೋ ಪುಟ್ಟ ಹಕ್ಕಿಯನ್ನೋ ತಗೊಂಡು ಹೋಗಿ ಅನ್ನೋದು. ಚಿಕ್ಕ ಪ್ರಾಣಿಯ ಉಸಿರಾಟ, ರಕ್ತದ ಓಟ ಎರಡೂ ಜೋರು. ವಿಷ ನಮಗಿಂತ ಮೊದಲು ಅದಕ್ಕೆ ತಗಲುತ್ತೆ. ಅದು ತೂಕಡಿಸಿ ಬಿದ್ದರೆ ಮನುಷ್ಯರಿಗೆ ಓಡಿಹೋಗೋಕೆ ಇನ್ನೂ ಸ್ವಲ್ಪ ಟೈಮ್ ಇದೆ ಅಂತ ಅರ್ಥ.

ಆದರೆ ಈ ಅಪ್ಪ ಬರೀ ಇಲಿಯ ಮೇಲೆ ಭಾರ ಹಾಕಿ ಕೂತವರಲ್ಲ. ವಿಷಾನಿಲವನ್ನ ತಾವೇ ಉಸಿರಾಡಿ, ಏನಾಗುತ್ತೆ ಅಂತ ನೋಟ್ಸ್ ಬರ್ಕೊಳ್ತಿದ್ರು. ಮಗನನ್ನೂ ಬಿಡಲಿಲ್ಲ. ಹುಡುಗನನ್ನ ಒಂದು ಗಣಿಗೆ ಕರ್ಕೊಂಡು ಹೋಗಿ, ಮೀಥೇನ್ ತುಂಬಿದ ಜಾಗದಲ್ಲಿ ನಿಲ್ಲಿಸಿ, ಷೇಕ್ಸ್‌ಪಿಯರ್ ನಾಟಕದ ಒಂದು ಭಾಷಣ ಬಾಯಿಪಾಠ ಒಪ್ಪಿಸು ಅಂದ್ರಂತೆ. ಕೆಲವು ಸಾಲು ಮುಗಿಯೋದ್ರೊಳಗೆ ಹುಡುಗನಿಗೆ ಏದುಸಿರು ಬಂದು, ಕಾಲು ಸೋತು ಕೆಳಗೆ ಬಿದ್ದ. ಕೆಳಗೆ ಗಾಳಿ ಚೆನ್ನಾಗಿತ್ತು, ಎಚ್ಚರ ಆಯ್ತು. ಮೀಥೇನ್ ಗಾಳಿಗಿಂತ ಹಗುರ, ಮೇಲೆ ನಿಲ್ಲುತ್ತೆ ಅನ್ನೋ ಪಾಠ ಆ ಹುಡುಗ ಜೀವನದಲ್ಲಿ ಮರೀಲಿಲ್ಲ. ನಮ್ಮ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಹೀಗೆ ಪಾಠ ಮಾಡಿದ್ರೆ ಪೇರೆಂಟ್ಸ್ ಮೀಟಿಂಗ್ ಹೇಗಿರುತ್ತೆ ಯೋಚಿಸಿ!

ಮನೆಯಲ್ಲಿ ಮುನ್ನೂರು ಗಿನಿ ಪಿಗ್

ಹುಡುಗನಿಗೆ ಇನ್ನೂ ಎಂಟು ವರ್ಷ ಇರುವಾಗ, 1901ರಲ್ಲಿ, ಅಪ್ಪ ಒಂದು ಉಪನ್ಯಾಸಕ್ಕೆ ಕರ್ಕೊಂಡು ಹೋದ್ರು. ಮೆಂಡೆಲ್ ಎಂಬ ಪಾದ್ರಿ ಬಟಾಣಿ ಗಿಡದಲ್ಲಿ ಕಂಡುಕೊಂಡ ನಿಯಮಗಳು 35 ವರ್ಷ ಮೂಲೆಗೆ ಬಿದ್ದಿದ್ದು, 1900ರಲ್ಲಿ ಮತ್ತೆ ಹೊರಗೆ ಬಂದಿದ್ದ ಕಾಲ ಅದು. ಮಾತಾಡಿದವರು ಡಾರ್ಬಿಶೈರ್, ಇಲಿಗಳ ಮೇಲೆ ತಳಿ ಪ್ರಯೋಗ ಮಾಡ್ತಿದ್ದವರು. ಈ ಹೆಸರು ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ತಂಗಿ ನವೋಮಿ ಸೇರಿಕೊಂಡಳು. ಅಣ್ಣ ತಂಗಿ ಇಬ್ಬರೂ ಮನೆಯ ಹುಲ್ಲುಹಾಸಿನ ಮೇಲೆ ಬೇಲಿ ಹಾಕಿ ಸುಮಾರು 300 ಗಿನಿ ಪಿಗ್ ಸಾಕಿದ್ರು. ಯಾವ ಬಣ್ಣದ ಜೊತೆ ಯಾವ ಬಣ್ಣ ಸೇರಿದ್ರೆ ಎಂಥ ಮರಿ ಹುಟ್ಟುತ್ತೆ ಅಂತ ಲೆಕ್ಕ ಇಡೋದೇ ಆಟ. (ಈ ತಂಗಿ ಮುಂದೆ ನವೋಮಿ ಮಿಚಿಸನ್ ಎಂಬ ಹೆಸರಾಂತ ಕಾದಂಬರಿಕಾರ್ತಿ ಆದಳು, 101 ವರ್ಷ ಬದುಕಿದಳು.)

ಆಮೇಲೆ ಹಾಲ್ಡೇನ್ ಡಾರ್ಬಿಶೈರ್ ಪ್ರಕಟಿಸಿದ್ದ ಇಲಿಗಳ ಹಳೇ ಅಂಕಿ ಅಂಶ ಓದುವಾಗ ಒಂದು ವಿಚಿತ್ರ ಕಂಡ್ರು. ಎರಡು ಗುಣಗಳು ಬಿಡಿಬಿಡಿಯಾಗಿ ಮರಿಗಳಿಗೆ ಹಂಚಿಕೆ ಆಗ್ಬೇಕಿತ್ತು, ಆದರೆ ಜೊತೆಗೇ ಹೋಗ್ತಿದ್ವು. ಬಸ್ಸಿನಲ್ಲಿ ಪಕ್ಕಪಕ್ಕ ಸೀಟಿನಲ್ಲಿ ಕೂತ ಇಬ್ಬರು ಒಂದೇ ಸ್ಟಾಪಿನಲ್ಲಿ ಇಳಿದ ಹಾಗೆ. ಇದಕ್ಕೆ ಈಗ ಲಿಂಕೇಜ್ ಅಂತೀವಿ. ಬೇರೆಯವರ ಡೇಟಾ ಸಾಲದು, ಸ್ವಂತ ಡೇಟಾ ಬೇಕು ಅಂತ ತಂಗಿ ಮತ್ತು ಗೆಳೆಯ ಸ್ಪ್ರಂಟ್ ಜೊತೆ ಇಲಿ ಸಾಕೋಕೆ ಶುರು ಮಾಡಿದ್ರು.

ಅಷ್ಟರಲ್ಲಿ ಮೊದಲ ಮಹಾಯುದ್ಧ. ಹಾಲ್ಡೇನ್ ಸೈನ್ಯ ಸೇರಿದ್ರು, ಸ್ಪ್ರಂಟ್ ಕೂಡ. ಸ್ಪ್ರಂಟ್ ವಾಪಸ್ ಬರಲಿಲ್ಲ. ಇಲಿಗಳ ಪೇಪರ್ 1915ರಲ್ಲಿ ಮೂವರ ಹೆಸರಲ್ಲಿ ಪ್ರಕಟ ಆದಾಗ ಒಬ್ಬರು ಸತ್ತಿದ್ರು, ಇನ್ನೊಬ್ಬರು ಸೈನ್ಯದಲ್ಲಿದ್ರು, ಮೂರನೆಯವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಸಸ್ತನಿಗಳಲ್ಲಿ ಜೀನ್ ಲಿಂಕೇಜ್ ತೋರಿಸಿದ ಮೊದಲ ಕೆಲಸ ಅದು. ಇವತ್ತು ಪ್ರಪಂಚದ ಯಾವ ಲ್ಯಾಬಿನಲ್ಲಿ ಇಲಿಯ ಜೀನ್ ತಿದ್ದಿದ್ರೂ ಕೈಯಲ್ಲಿ ಒಂದು ಮ್ಯಾಪ್ ಇರುತ್ತಲ್ಲ, ಯಾವ ಜೀನ್ ಯಾವುದರ ಪಕ್ಕ ಅಂತ, ಆ ಮ್ಯಾಪಿನ ಮೊದಲ ಗೆರೆ ಎಳೆದದ್ದು ಈ ಮೂವರು. ಆ ಮ್ಯಾಪಿನಲ್ಲಿ ದೂರ ಅಳೆಯೋ ಯೂನಿಟ್ ಸೆಂಟಿಮಾರ್ಗನ್. ಆ ಹೆಸರು ಇಟ್ಟವರೂ ಹಾಲ್ಡೇನ್.

ಒಂದು ತಮಾಷೆ ಗೊತ್ತಾ? ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಸೈನ್ಸ್ ಡಿಗ್ರಿ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗಣಿತ, ಆಮೇಲೆ ಗ್ರೀಕ್ ಲ್ಯಾಟಿನ್ ಸಾಹಿತ್ಯ ಮತ್ತು ತತ್ವಶಾಸ್ತ್ರ. ಬ್ರಾಂಚ್ ಸಿಗಲಿಲ್ಲ ಅಂತ ಕೊರಗೋ ನಮ್ಮಂಥವರು ಇದನ್ನ ಗೋಡೆಗೆ ಅಂಟಿಸ್ಕೋಬಹುದು.

ತನ್ನ ದೇಹವೇ ಲ್ಯಾಬು

ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ಬಯೋಕೆಮಿಸ್ಟ್ರಿ ಕಲಿಸೋ ಕೆಲಸ. ರಕ್ತ ಆಮ್ಲೀಯ ಆದ್ರೆ ಏನಾಗುತ್ತೆ ಅಂತ ತಿಳೀಬೇಕಿತ್ತು. ಪ್ರಾಣಿ ತನಗೆ ಹೇಗನ್ನಿಸ್ತಿದೆ ಅಂತ ಬಾಯಿಬಿಟ್ಟು ಹೇಳಲ್ಲ, ಮನುಷ್ಯ ಹೇಳ್ತಾನೆ. ಹಾಗಾಗಿ ಹಾಲ್ಡೇನ್ ತಾವೇ ಅಮೋನಿಯಂ ಕ್ಲೋರೈಡ್ ಕರಗಿಸಿ ಕುಡಿದ್ರು. ದಿನಗಟ್ಟಲೆ ಏದುಸಿರು ಬಿಟ್ರು. ಈ ಹುಚ್ಚಾಟದಿಂದ ಒಂದು ಉಪಯೋಗ ಆಯ್ತು: ಎಳೇ ಮಕ್ಕಳಿಗೆ ಬರೋ ಒಂದು ಥರದ ಸ್ನಾಯು ಸೆಳೆತಕ್ಕೆ ಅದೇ ಉಪ್ಪು ಔಷಧಿ ಆಯ್ತು.

1939ರ ಜೂನ್ 1ರಂದು ಥೀಟಿಸ್ ಎಂಬ ಬ್ರಿಟಿಷ್ ಸಬ್‌ಮರೀನ್ ಮುಳುಗಿ 99 ಜನ ಸತ್ರು. ಕಾರಣ ಹುಡುಕೋಕೆ ಹಾಲ್ಡೇನ್ ಮತ್ತು ಕೆಲವು ಸ್ವಯಂಸೇವಕರು ಉಕ್ಕಿನ ಡಬ್ಬದೊಳಗೆ ಕೂತು, ಗಾಳಿ ಕೆಡೋವರೆಗೂ ಕಾದು ನೋಡಿದ್ರು. ಮುಂದೆ ಯುದ್ಧದ ಉದ್ದಕ್ಕೂ ನೀರಿನಾಳದ ಒತ್ತಡದಲ್ಲಿ ಆಕ್ಸಿಜನ್ ಹೇಗೆ ವಿಷ ಆಗುತ್ತೆ ಅಂತ ಇದೇ ಥರ ಪರೀಕ್ಷೆ. ಒಮ್ಮೆ ಫಿಟ್ಸ್ ಬಂದು ಬೆನ್ನುಮೂಳೆಗೆ ಏಟಾಯ್ತು, ಆ ನೋವು ಕೊನೇವರೆಗೂ ಹೋಗಲಿಲ್ಲ. ಕಿವಿತಮಟೆ ಕೂಡ ತೂತಾಯ್ತು.

ಇದನ್ನ ಹೀರೋಯಿಸಂ ಅಂತ ಹೊಗಳೋಕೆ ಬರೀತಿಲ್ಲ, ಯಾರೂ ಮನೇಲಿ ಟ್ರೈ ಮಾಡ್ಬೇಡಿ. ಆದರೆ ಇದರ ಹಿಂದೆ ಒಂದು ನಿಲುವು ಇದೆ ಅಂತ ನಮಗೆ ಅನ್ನಿಸ್ತು: ಇನ್ನೊಂದು ಜೀವಕ್ಕೆ ನೋವು ಕೊಡೋ ಮೊದಲು ಆ ನೋವು ಎಷ್ಟು ಅಂತ ನನಗೆ ಗೊತ್ತಿರಬೇಕು.

ಬಕೆಟ್ಟಿನ ಲೆಕ್ಕ

ಈಗ ನಮ್ಮ ಗೆಳೆಯನ ವಿಷಯಕ್ಕೆ ಬರೋಣ. ಹಾಲ್ಡೇನ್ 1924ರಿಂದ ಡಾರ್ವಿನ್‌ನ ನೈಸರ್ಗಿಕ ಆಯ್ಕೆಯನ್ನ ಗಣಿತದ ಸಮೀಕರಣಗಳಲ್ಲಿ ಬರೆಯೋಕೆ ಶುರು ಮಾಡಿದ್ರು. ಫಿಶರ್, ಸೀವಲ್ ರೈಟ್, ಹಾಲ್ಡೇನ್ ಈ ಮೂವರು ಸೇರಿ ಕಟ್ಟಿದ್ದೇ ಪಾಪ್ಯುಲೇಶನ್ ಜೆನೆಟಿಕ್ಸ್. 1935ರಲ್ಲಿ ಅವರು ಅದೇ ಗಣಿತವನ್ನ ಹಿಮೋಫಿಲಿಯಾ ಮೇಲೆ ಪ್ರಯೋಗಿಸಿದ್ರು.

ಪ್ರಶ್ನೆ ಸಿಂಪಲ್. ಆ ಕಾಲದಲ್ಲಿ ಹಿಮೋಫಿಲಿಯಾ ಇದ್ದ ಹೆಚ್ಚಿನ ಗಂಡುಮಕ್ಕಳು ಮದುವೆ ಆಗಿ ಮಕ್ಕಳಾಗೋ ಮೊದಲೇ ಸಾಯ್ತಿದ್ರು. ಅಂದ್ರೆ ಪ್ರತಿ ತಲೆಮಾರಿನಲ್ಲೂ ಆ ಕೆಟ್ಟ ಜೀನಿನ ಪ್ರತಿಗಳು ಅಷ್ಟಷ್ಟು ಅಳಿಸಿ ಹೋಗ್ತಿದ್ವು. ಹಾಗಿದ್ರೆ ಕಾಯಿಲೆ ಎಂದೋ ಮಾಯ ಆಗ್ಬೇಕಿತ್ತಲ್ವಾ? ಆಗಿಲ್ಲ. ಸೋರೋ ಬಕೆಟ್ಟಿನಲ್ಲಿ ನೀರಿನ ಮಟ್ಟ ಇಳೀತಿಲ್ಲ ಅಂದ್ರೆ ಮೇಲೆ ನಲ್ಲಿ ಬಿಟ್ಟಿದೆ ಅಂತಲೇ ಅರ್ಥ. ಆ ನಲ್ಲಿಯೇ ಹೊಸ ಮ್ಯುಟೇಶನ್. ಸೋರಿಕೆ ಎಷ್ಟು ಅಂತ ಅಳೆದ್ರೆ ನಲ್ಲಿಯಿಂದ ಎಷ್ಟು ಬೀಳ್ತಿದೆ ಅಂತ ಗೊತ್ತಾಗುತ್ತೆ. ನಾವು ಥರ್ಮೋದಲ್ಲಿ ಸ್ಟೆಡಿ ಸ್ಟೇಟ್ ಅಂತ ಓದ್ತೀವಲ್ಲ, ಅದೇ.

ಈ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು. ಒಟ್ಟು ಮೂರರಲ್ಲಿ ಒಂದು ಎಕ್ಸ್ ಗಂಡಸರ ಹತ್ತಿರ ಇರುತ್ತೆ, ಕಾಯಿಲೆ ಕಾಣಿಸೋದೂ ಅಲ್ಲೇ. ಹಾಗಾಗಿ ಪ್ರತಿ ತಲೆಮಾರಿನಲ್ಲಿ ಅಳಿಯೋದು ಹೆಚ್ಚು ಕಡಿಮೆ ಮೂರನೇ ಒಂದು ಭಾಗ, ಅಷ್ಟೇ ಹೊಸದಾಗಿ ಹುಟ್ಟಬೇಕು. ಹೀಗೆ ಲೆಕ್ಕ ಹಾಕಿ ಅವರು ಕೊಟ್ಟ ಅಂದಾಜು: ಸುಮಾರು 50,000 ಸಲ ಈ ಜೀನ್ ಮುಂದಿನ ತಲೆಮಾರಿಗೆ ದಾಟುವಾಗ ಒಂದು ಸಲ ಹೊಸ ತಪ್ಪು ಆಗುತ್ತೆ. ಮನುಷ್ಯನ ಒಂದು ಜೀನಿನ ಮ್ಯುಟೇಶನ್ ದರವನ್ನ ಹೀಗೆ ಸರಿಯಾಗಿ ಅಂದಾಜು ಮಾಡಿದ್ದು ಅದೇ ಮೊದಲು. ಡಿಎನ್ಎ ರಚನೆ ಗೊತ್ತಾಗೋಕೆ ಇನ್ನೂ 18 ವರ್ಷ ಇತ್ತು! ಬರೀ ಪೆನ್ನು, ಪೇಪರು, ಆಸ್ಪತ್ರೆ ದಾಖಲೆ.

1947ರಲ್ಲಿ ಇನ್ನೊಂದು ಹೆಜ್ಜೆ ಇಟ್ರು. ಈ ಹೊಸ ತಪ್ಪು ಹೆಣ್ಣಿನ ಅಂಡಾಣುವಿಗಿಂತ ಗಂಡಿನ ವೀರ್ಯಾಣುವಿನಲ್ಲಿ ಜಾಸ್ತಿ ಆಗುತ್ತೆ ಅಂತ ಅವರ ಲೆಕ್ಕ ತೋರಿಸ್ತು. ವೀರ್ಯಾಣು ತಯಾರಾಗೋವರೆಗೆ ಜೀವಕೋಶ ಎಷ್ಟೋ ಸಲ ಕಾಪಿ ಆಗುತ್ತೆ, ಕಾಪಿ ಜಾಸ್ತಿ ಆದಷ್ಟೂ ತಪ್ಪು ಜಾಸ್ತಿ. ರೆಕಾರ್ಡ್ ಬುಕ್ ಕಾಪಿ ಹೊಡೆಯೋ ನಮಗೆ ಇದು ಬೇಗ ಅರ್ಥ ಆಗುತ್ತೆ.

ಈ ಪ್ಯಾರಾ ಓದಿ ನಮ್ಮ ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕುಟುಂಬದಲ್ಲಿ ಯಾರಿಗೂ ಇಲ್ಲದ ಕಾಯಿಲೆ ಒಂದು ಮಗುವಿಗೆ ಬಂದ್ರೆ ಅದು ಶಾಪ ಅಲ್ಲ, ಯಾರ ತಪ್ಪೂ ಅಲ್ಲ. ಕಾಪಿ ಮಾಡುವಾಗ ಆದ ಒಂದು ಅಕ್ಷರದೋಷ. ಅದು ಅಮ್ಮ ಹುಟ್ಟೋದಕ್ಕೂ ಮೊದಲು, ತಾತನ ಜೀವಕೋಶದಲ್ಲೇ ಆಗಿರೋ ಸಾಧ್ಯತೆಯೂ ಚೆನ್ನಾಗಿಯೇ ಇದೆ. ಅವತ್ತು ರಾತ್ರಿ ಅವನು ಊರಿಗೆ ಫೋನ್ ಮಾಡಿ ಅಮ್ಮನ ಜೊತೆ ಮುಕ್ಕಾಲು ಗಂಟೆ ಮಾತಾಡಿದ. ಏನು ಮಾತಾಡಿದ ಅಂತ ನಾವು ಕೇಳಲಿಲ್ಲ.

ಇಲಿಯ ಲಿವರ್‌ಗೆ ಕೊರಿಯರ್

ಕಾರಣ ಗೊತ್ತಾಯ್ತು, ಪರಿಹಾರ? ಜೀನ್ ಹಾಳಾಗಿದ್ರೆ ಒಳ್ಳೇ ಜೀನ್ ಒಳಗೆ ಕಳಿಸಬಹುದಲ್ಲ? ಹಾಲ್ಡೇನ್ ಕಾಲದಲ್ಲಿ ಇದು ಕನಸು. ಈಗ ಇದೇ ಒಂದು ಎಂಜಿನಿಯರಿಂಗ್ ಪ್ರಾಬ್ಲಂ, ಅದರ ಟೆಸ್ಟ್ ಬೆಂಚ್ ಪುಟ್ಟ ಇಲಿ.

ಫ್ಯಾಕ್ಟರ್ 8 ಜೀನ್ ಕೆಡಿಸಿದ ಇಲಿಗಳನ್ನ 1995ರಲ್ಲಿ ತಯಾರು ಮಾಡಿದ್ರು, ಫ್ಯಾಕ್ಟರ್ 9 ಇಲ್ಲದ ಇಲಿಗಳು 1997ರಲ್ಲಿ ಬಂದ್ವು. ಈ ಎರಡೂ ಪ್ರೋಟೀನುಗಳ ಮುಖ್ಯ ಕಾರ್ಖಾನೆ ಲಿವರ್. ಹಾಗಾಗಿ ಪಾರ್ಸೆಲ್ ತಲುಪಬೇಕಾದ ಅಡ್ರೆಸ್ಸೂ ಅದೇ. ಬರೀ ಡಿಎನ್ಎಯನ್ನ ರಕ್ತಕ್ಕೆ ಬಿಟ್ರೆ ಕಿಣ್ವಗಳು ಅದನ್ನ ಬೇಗ ಚೂರುಚೂರು ಮಾಡ್ತವೆ. ಒಂದು ದಾರಿ ಒತ್ತಡ. 20 ಗ್ರಾಂ ತೂಕದ ಇಲಿಯ ಬಾಲದ ರಕ್ತನಾಳಕ್ಕೆ ಸುಮಾರು 2 ಎಂಎಲ್ ದ್ರಾವಣವನ್ನ ಐದರಿಂದ ಎಂಟು ಸೆಕೆಂಡಿನಲ್ಲಿ ತಳ್ಳೋದು. ಹೃದಯ ಅಷ್ಟು ಬೇಗ ಪಂಪ್ ಮಾಡೋಕಾಗದೆ ದ್ರಾವಣ ಹಿಂದಕ್ಕೆ ನುಗ್ಗಿ ಲಿವರ್ ಉಬ್ಬುತ್ತೆ, ಜೀವಕೋಶಗಳ ಪೊರೆಯಲ್ಲಿ ಕ್ಷಣಕಾಲ ಸಂದು ಬಿಟ್ಟು ಡಿಎನ್ಎ ಒಳಗೆ ಹೋಗುತ್ತೆ. 1999ರಲ್ಲಿ ಬಂದ ಈ ವಿಧಾನದ ಹೆಸರು ಹೈಡ್ರೋಡೈನಮಿಕ್ ಇಂಜೆಕ್ಷನ್. ಇಲಿಗೆ ಸರಿ, ಮನುಷ್ಯನಿಗೆ? 60 ಕೆಜಿ ಮನುಷ್ಯನಿಗೆ ಅದೇ ಅನುಪಾತ ಅಂದ್ರೆ ಕೆಲವೇ ಸೆಕೆಂಡಿನಲ್ಲಿ ಐದಾರು ಲೀಟರ್. ದೇಹದಲ್ಲಿರೋ ರಕ್ತವೇ ಹೆಚ್ಚುಕಡಿಮೆ ಅಷ್ಟು! ಸ್ಕೇಲ್ ಅಪ್ ಅನ್ನೋದು ಬರೀ ಗುಣಾಕಾರ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಮಗೆ ಯಾವ ಸಬ್ಜೆಕ್ಟಿನಲ್ಲೂ ಸಿಕ್ಕಿಲ್ಲ.

ಇನ್ನೊಂದು ದಾರಿ ವೈರಸ್. ಎಎವಿ ಎಂಬ ವೈರಸ್ ಸುಮಾರು 25 ನ್ಯಾನೋಮೀಟರ್ ಅಗಲದ ಡಬ್ಬಿ, ಮನುಷ್ಯನಿಗೆ ಕಾಯಿಲೆ ತರೋದು ಅಂತ ಹೆಸರಿಲ್ಲ. ಅದರ ಸ್ವಂತ ಜೀನ್ ತೆಗೆದು ನಮಗೆ ಬೇಕಾದ ಜೀನ್ ತುಂಬೋದು. ಹೊರಕವಚ ಬದಲಾದ್ರೆ ಅಡ್ರೆಸ್ ಬದಲಾಗುತ್ತೆ: ಎಎವಿ8 ಲಿವರ್ ಕಡೆ ಚೆನ್ನಾಗಿ ಹೋಗುತ್ತೆ, ಎಎವಿ9 ಹೃದಯ, ನರಮಂಡಲದವರೆಗೂ ತಲುಪುತ್ತೆ. ಆದರೆ ಡಬ್ಬಿ ಚಿಕ್ಕದು, ಹಿಡಿಸೋದು ಸುಮಾರು 4,700 ಅಕ್ಷರ ಮಾತ್ರ. ಫ್ಯಾಕ್ಟರ್ 9ಕ್ಕೆ ಬೇಕಾದದ್ದು ಸುಮಾರು 1,400 ಅಕ್ಷರ, ಆರಾಮಾಗಿ ಕೂರುತ್ತೆ. ಫ್ಯಾಕ್ಟರ್ 8ಕ್ಕೆ ಸುಮಾರು 7,000, ಹಿಡಿಸಲ್ಲ. ಮಧ್ಯದ ಒಂದು ಭಾಗ ಕತ್ತರಿಸಿ ತೆಗೆದ್ರೂ ಪ್ರೋಟೀನ್ ಕೆಲಸ ಮಾಡುತ್ತೆ ಅಂತ ಗೊತ್ತಾದ ಮೇಲೆ ಹೇಗೋ ತುರುಕಿದ್ರು. ಪಾರ್ಸೆಲ್ ತಲುಪಿತಾ ಅಂತ ನೋಡೋಕೆ ಮಿಂಚುಹುಳದ ಜೀನನ್ನ ಕಳಿಸಿ, ಇಲಿಯ ಹೊಟ್ಟೆಯೊಳಗೆ ಎಲ್ಲಿ ಬೆಳಕು ಬರುತ್ತೆ ಅಂತ ಕ್ಯಾಮೆರಾದಲ್ಲಿ ನೋಡ್ತಾರೆ. ಲಿವರ್ ಹೊಳೆದ್ರೆ ಡೆಲಿವರ್ಡ್.

ಇಲಿಯಲ್ಲಿ ಪಳಗಿದ ಈ ವಿದ್ಯೆ 2011ರಲ್ಲಿ ಮನುಷ್ಯರಿಗೆ ಫಲ ಕೊಟ್ಟ ಸುದ್ದಿ ಬಂತು. ಫ್ಯಾಕ್ಟರ್ 9 ಇಲ್ಲದ ಆರು ಜನರಿಗೆ ಎಎವಿ8 ಕೊಟ್ಟಾಗ ಅವರ ಲಿವರ್ ತಾನೇ ಫ್ಯಾಕ್ಟರ್ ತಯಾರಿಸೋಕೆ ಶುರು ಮಾಡ್ತು. 2022ರಲ್ಲಿ ಅಮೆರಿಕದಲ್ಲಿ ಇಂಥ ಔಷಧಿಗೆ ಒಪ್ಪಿಗೆ ಸಿಕ್ತು. ಒಂದು ಡೋಸಿನ ಬೆಲೆ 35 ಲಕ್ಷ ಡಾಲರ್. ರೂಪಾಯಿಗೆ ಬದಲಾಯಿಸಿ ನೋಡಿದ ಮೇಲೆ ನಮ್ಮ ಗೆಳೆಯ ನಕ್ಕುಬಿಟ್ಟ.

ನಗು ನಿಲ್ಲಿಸಿದ್ದು ವೆಲ್ಲೂರಿನ ಸುದ್ದಿ. ಅಲ್ಲಿನ ಸಿಎಂಸಿ ಆಸ್ಪತ್ರೆ ಮತ್ತು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕವಾದ ಸ್ಟೆಮ್ ಸೆಲ್ ಕೇಂದ್ರ ಸೇರಿ ಐದು ಜನ ಫ್ಯಾಕ್ಟರ್ 8 ರೋಗಿಗಳಿಗೆ ಬೇರೆ ದಾರಿ ಹಿಡಿದ್ರು. ರೋಗಿಯ ರಕ್ತದ ಕಾಂಡಕೋಶಗಳನ್ನ ಹೊರಗೆ ತೆಗೆದು, ಇನ್ನೂ ದೊಡ್ಡ ಡಬ್ಬಿಯಾದ ಲೆಂಟಿವೈರಸ್‌ನಿಂದ ಜೀನ್ ಸೇರಿಸಿ ವಾಪಸ್ ಕೊಡೋದು. ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟ ಆಯ್ತು. ಐದೂ ಜನಕ್ಕೆ ಚಿಕಿತ್ಸೆ ಹಿಡಿದ ಮೇಲೆ ರಕ್ತಸ್ರಾವ ನಿಂತಿತ್ತು. ಐದು ಜನ ಅಂದ್ರೆ ಚಿಕ್ಕ ಸಂಖ್ಯೆ, ಈ ಚಿಕಿತ್ಸೆಗೆ ಮೊದಲು ಕೀಮೋ ಬೇಕು, ಎಷ್ಟು ವರ್ಷ ಉಳಿಯುತ್ತೆ ಅಂತ ಕಾಯಬೇಕು. ಆದ್ರೂ ಮೊಳಕಾಲ್ಮೂರಿನಿಂದ ವೆಲ್ಲೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಬಹುದು.

ತಪ್ಪು ಮಾಡಿದ ಹಾಲ್ಡೇನ್

ಹಾಲ್ಡೇನ್ ದೇವರಲ್ಲ. ಕಮ್ಯುನಿಸ್ಟ್ ಪಕ್ಷ ಸೇರಿದ್ರು, ಅದರ ಪತ್ರಿಕೆಗೆ ಜನಸಾಮಾನ್ಯರಿಗೆ ಅರ್ಥ ಆಗೋ ಹಾಗೆ ನೂರಾರು ವಿಜ್ಞಾನ ಲೇಖನ ಬರೆದ್ರು, ಅದು ಒಳ್ಳೇದೇ. ಆದರೆ ಸೋವಿಯತ್ ದೇಶದಲ್ಲಿ ಲೈಸೆಂಕೋ ಎಂಬವನು ಜೆನೆಟಿಕ್ಸನ್ನೇ ಸುಳ್ಳು ಅಂತ ಸಾರಿ ವಿಜ್ಞಾನಿಗಳನ್ನ ಮೂಲೆಗೊತ್ತಿದಾಗ, ಇವರು ಗಟ್ಟಿಯಾಗಿ ಬಾಯಿ ಬಿಡಲಿಲ್ಲ. 1928ರಲ್ಲಿ ಇವರನ್ನ ಅಲ್ಲಿಗೆ ಕರೆಸಿಕೊಂಡಿದ್ದ ವಾವಿಲೋವ್ 1943ರಲ್ಲಿ ಜೈಲಿನಲ್ಲಿ ಸತ್ರು. ಹಾಲ್ಡೇನ್ ಪಕ್ಷದಿಂದ ದೂರ ಆಗೋ ಹೊತ್ತಿಗೆ 1950 ಬಂದಿತ್ತು. ತನ್ನ ಮೈಮೇಲೆ ಎಂಥ ವಿಷ ಬೇಕಾದ್ರೂ ಪರೀಕ್ಷೆ ಮಾಡ್ಕೊಂಡ ಮನುಷ್ಯ, ತಾನು ನಂಬಿದ ಪಕ್ಷವನ್ನ ಪರೀಕ್ಷೆ ಮಾಡೋಕೆ ಇಷ್ಟು ತಡ ಮಾಡಿದ್ದು ಯಾಕೆ? ಈ ಬಗ್ಗೆ ನಮ್ಮ ರೂಮಿನಲ್ಲಿ ಜಗಳ ಇನ್ನೂ ಮುಗಿದಿಲ್ಲ.

ಭಾರತದಲ್ಲಿ

1957ರಲ್ಲಿ ಹಾಲ್ಡೇನ್ ಮತ್ತು ಪತ್ನಿ ಹೆಲೆನ್ ಸ್ಪರ್ವೇ ಇಂಗ್ಲೆಂಡ್ ಬಿಟ್ಟು ಕಲ್ಕತ್ತಾಗೆ ಬಂದ್ರು. ಕರೆದವರು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಮಹಾಲನೋಬಿಸ್. ಸೂಯೆಜ್ ಕಾಲುವೆ ವಿಷಯದಲ್ಲಿ ಬ್ರಿಟನ್ ಈಜಿಪ್ಟಿನ ಮೇಲೆ ಬಿದ್ದದ್ದಕ್ಕೆ ಬೇಸತ್ತು ಬಂದೆ ಅಂತ ಕಾರಣ ಕೊಟ್ರು. ಕುರ್ತಾ ತೊಟ್ರು, ಮಾಂಸ ಬಿಟ್ರು, 1961ರಲ್ಲಿ ಭಾರತದ ಪೌರತ್ವ ತಗೊಂಡ್ರು.

ಇಲ್ಲಿ ಅವರು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟ ಸೈನ್ಸ್ ನೋಡಿ. ದುಡ್ಡಿಲ್ಲ, ಮೆಷಿನ್ ಇಲ್ಲ ಅಂತ ಕೂರಬೇಡಿ, ಕಣ್ಣ ಮುಂದೆ ಇರೋದನ್ನ ಎಣಿಸಿ ಅನ್ನೋದು ಅವರ ದಾರಿ. ಡೇವಿಸ್ ಎಂಬ ಶಿಷ್ಯ ತೆಂಗಿನ ಮರಗಳನ್ನ ಎಣಿಸಿದ್ರು: ಗರಿಗಳು ಕೆಲವು ಮರದಲ್ಲಿ ಎಡಕ್ಕೆ ಸುತ್ತಿಕೊಂಡು ಬರ್ತವೆ, ಕೆಲವು ಮರದಲ್ಲಿ ಬಲಕ್ಕೆ. ನಾವು ದಿನಾ ತೆಂಗಿನ ಮರ ನೋಡ್ತೀವಿ, ಒಂದು ದಿನವಾದ್ರೂ ಇದನ್ನ ಗಮನಿಸಿದ್ವಾ? 1959ರಲ್ಲಿ ಹಾಲ್ಡೇನ್ ಹಕ್ಕಿಗಳನ್ನ ಕೊಲ್ಲದೆ, ಹಿಂಸೆ ಇಲ್ಲದೆ ಅಧ್ಯಯನ ಮಾಡೋದು ಹೇಗೆ ಅಂತ ಒಂದು ದೊಡ್ಡ ಲೇಖನವನ್ನೇ ಬರೆದ್ರು. ಅದೇ ವರ್ಷ ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಪ್ರಯೋಗಪ್ರಾಣಿಗಳ ಬಗ್ಗೆ ಮೂರು ಸೂತ್ರ ಕೊಟ್ರು: ಆದಷ್ಟೂ ಬೇರೆ ದಾರಿ ಹುಡುಕಿ, ಸಂಖ್ಯೆ ಕಡಿಮೆ ಮಾಡಿ, ನೋವು ಕಡಿಮೆ ಮಾಡಿ. ಈಗ ನಮ್ಮ ದೇಶದಲ್ಲಿ ಒಂದು ಇಲಿಯ ಮೇಲೆ ಪ್ರಯೋಗ ಮಾಡ್ಬೇಕಾದ್ರೂ ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಬೇಕು.

ಕಲ್ಕತ್ತಾದಲ್ಲಿ ಹೊಂದಾಣಿಕೆ ಆಗದೆ ಅವರು 1962ರಲ್ಲಿ ಭುವನೇಶ್ವರಕ್ಕೆ ಹೋಗಿ ಹೊಸ ಲ್ಯಾಬ್ ಶುರು ಮಾಡಿದ್ರು. ಎರಡೇ ವರ್ಷ. ಕ್ಯಾನ್ಸರ್ ಬಂತು. ಆಸ್ಪತ್ರೆಯಲ್ಲಿ ಮಲಗಿ ತನ್ನ ಕ್ಯಾನ್ಸರ್ ಬಗ್ಗೆಯೇ ತಮಾಷೆ ಪದ್ಯ ಬರೆದ್ರು, ಓದಿದವರು ಬೇಗ ಡಾಕ್ಟರ್ ಹತ್ತಿರ ಹೋಗಲಿ ಅಂತ. ತೀರಿಕೊಂಡ ಮೇಲೆ ದೇಹ ಅವರ ಇಚ್ಛೆಯ ಹಾಗೆ ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜಿಗೆ ಹೋಯ್ತು. ಗಣಿಯಲ್ಲಿ ಬಿದ್ದ ದಿನದಿಂದ ಪ್ರಯೋಗವಸ್ತು ಆಗಿದ್ದ ದೇಹ, ಕೊನೆಗೂ ವಿದ್ಯಾರ್ಥಿಗಳ ಟೇಬಲ್ ಮೇಲೇ ಹೋಗಿ ಸೇರ್ತು.

ಅಕ್ಷರಗುಂಡಿನ ಮುಂದೆ

ಇದನ್ನ ಬರೆದು ಮುಗಿಸೋ ವಾರ ನಾವು ಗೆಳೆಯನ ಊರಿಗೆ ಹೋಗಿದ್ವಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಬೆಂಗಳೂರಿನ ಐಐಎಸ್‌ಸಿಯ ಎರಡನೇ ಕ್ಯಾಂಪಸ್ ಇದೆ, 1,500 ಎಕರೆ. ಶಾಲಾ ಕಾಲೇಜು ಮೇಷ್ಟ್ರುಗಳಿಗೆ ಅಲ್ಲಿ ವಿಜ್ಞಾನದ ತರಬೇತಿ ಕೊಡ್ತಾರೆ. ಹಿಂದೆ ಅದು ಅಮೃತಮಹಲ್ ದನಗಳ ಕಾವಲು. ಕುರಿ ಕಾಯೋರು ಆ ಹುಲ್ಲುಗಾವಲಿಗಾಗಿ ಕೋರ್ಟ್ ಮೆಟ್ಟಿಲು ಹತ್ತಿದ್ದೂ ಇದೆ. ವಿಜ್ಞಾನಕ್ಕೆ ಬೆಲೆ ಕೊಡೋರು ಯಾವಾಗಲೂ ವಿಜ್ಞಾನಿಗಳೇ ಆಗಿರಲ್ಲ. ಕೆಲವು ಸಲ ಕುರಿಗಾಹಿ, ಕೆಲವು ಸಲ ಇಲಿ.

ಮಾರನೇ ದಿನ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದ್ವಿ. ಅಲ್ಲಿ ಜನ ಅಕ್ಷರಗುಂಡು ಅಂತ ಕರೆಯೋ ಬಂಡೆ ಇದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಅಶೋಕನ ಶಾಸನ. ಅಪ್ಪ ಅಮ್ಮನ ಮಾತು ಕೇಳೋದು, ಪ್ರಾಣಿಗಳ ಮೇಲೆ ದಯೆ, ಸತ್ಯ ನುಡಿಯೋದು, ಇವು ಅದರಲ್ಲಿರೋ ವಿಷಯ. ಬಿ.ಎಲ್. ರೈಸ್ ಈ ಶಾಸನಗಳನ್ನ ಪತ್ತೆ ಮಾಡಿದ್ದು 1892ರಲ್ಲಿ, ಹಾಲ್ಡೇನ್ ಹುಟ್ಟಿದ ವರ್ಷ. ಇದು ಕಾಕತಾಳೀಯ ಅಂತ ನಮಗೂ ಗೊತ್ತು. ಆದ್ರೂ ಬಂಡೆ ಮುಂದೆ ನಿಂತಾಗ ನಮ್ಮ ಹಳೇ ವಾದ ಮತ್ತೆ ಶುರು ಆಯ್ತು: ಒಬ್ಬ ಹುಡುಗನ ಮಂಡಿಗಾಗಿ ಎಷ್ಟು ಇಲಿ?

ಉತ್ತರ ನಮ್ಮ ಹತ್ತಿರ ಇಲ್ಲ. ಮಂಡಿ ನೋವಿರೋ ಗೆಳೆಯನೇ ಹೇಳಿದ, ಇಲಿ ಬೇಡ ಅಂತ ನಾನು ಹೇಳಲಾರೆ, ಆದರೆ ಆ ಇಲಿಗಳನ್ನ ಬರೀ ನಂಬರ್ ಅಂತ ಬರೆಯಬೇಡಿ ಅಂತ. ಅದಕ್ಕೇ ಈ ಲೇಖನದಲ್ಲಿ ಹಾಲ್ಡೇನ್ ಅಪ್ಪನ ಗಣಿಯ ಇಲಿಯಿಂದ ಶುರು ಮಾಡಿದ್ವಿ.

ಸಂಜೆ ಅವನ ಮನೆಯಲ್ಲಿ ಅವನ ಅಮ್ಮ ಮಗ್ಗದಿಂದ ಎದ್ದು ಬಂದು ಎಲ್ಲರಿಗೂ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದ್ರು. ಬಕೆಟ್ಟು, ನಲ್ಲಿ, ತಾತನ ಕಥೆ ಎಲ್ಲ ಮಗನಿಂದ ಆಗಲೇ ಕೇಳಿದ್ರಂತೆ. ಆ ಲೆಕ್ಕ ಹಾಕಿದ ಮನುಷ್ಯನ ಹೆಸರೇನಪ್ಪಾ ಅಂತ ಇನ್ನೊಂದು ಸಲ ಕೇಳಿ, ಕ್ಯಾಲೆಂಡರ್ ಹಿಂದೆ ಬರೆಸಿಕೊಂಡ್ರು. ಮುಂದಿನ ಮದುವೆಗೆ ಹೋದಾಗ ಬೇಕಾಗುತ್ತೆ ಅಂದ್ರು.